ನೋವು ಹೋಯಿತು, ಮಂಡಿ ಗಟ್ಟಿಯಾಯಿತೇ?



ಲೋಕಲ್ ಗಾಡಿ ನಿಲ್ಲುವ ಮೊದಲೇ ಇಳಿಯಲು ಹೋಗಿ, ಮಳೆಗಾಲದಲ್ಲಿ ಮೆಟ್ಟಿಲ ಮೇಲೆ ಜಾರಿ, ಇಲ್ಲವೇ ಭಾನುವಾರದ ಕ್ರಿಕೆಟ್ಟಿನಲ್ಲಿ ಗಕ್ಕನೆ ತಿರುಗಿ ಮಂಡಿ ಉಳುಕಿಸಿಕೊಂಡವರು ನಮ್ಮ ನಡುವೆ ಎಷ್ಟೋ ಮಂದಿ ಇದ್ದಾರೆ. "ಮೂಳೆಗೆ ಏನೂ ಆಗಿಲ್ಲ, ಲಿಗಮೆಂಟ್ ಹರಿದಿದೆ" ಎನ್ನುತ್ತಾರೆ ಡಾಕ್ಟರು. ಆದರೆ ಒಬ್ಬರು ಒಂದೆರಡು ತಿಂಗಳಲ್ಲಿ ಓಡಾಡಿಕೊಂಡಿರುತ್ತಾರೆ, ಇನ್ನೊಬ್ಬರು ಆಪರೇಷನ್ ಮಾಡಿಸಿಕೊಂಡು ವರ್ಷವಾದರೂ ವ್ಯಾಯಾಮ ಬಿಟ್ಟಿರುವುದಿಲ್ಲ. ಯಾಕೆ ಹೀಗೆ? ಉತ್ತರ ಮಂಡಿಯ ರಚನೆಯಲ್ಲೇ ಇದೆ.

ಮೇಲೆ ತೊಡೆಯ ಮೂಳೆ, ಕೆಳಗೆ ಕಾಲಿನ ಮೂಳೆ, ಮುಂದೆ ಮಂಡಿಚಿಪ್ಪು. ಮೇಲಿನ ಮೂಳೆಯ ತುದಿ ದುಂಡಗೆ, ಕೆಳಗಿನದು ಹೆಚ್ಚುಕಡಿಮೆ ಚಪ್ಪಟೆ. ಚಪ್ಪಟೆ ಹಲಗೆಯ ಮೇಲೆ ಗುಂಡು ನಿಲ್ಲಬೇಕಾದರೆ ಕಟ್ಟಿ ಹಿಡಿಯುವ ಹಗ್ಗಗಳು ಬೇಕಲ್ಲವೇ? ಅವೇ ಲಿಗಮೆಂಟುಗಳು. ಮುಖ್ಯವಾದವು ನಾಲ್ಕು. ಎರಡು ಪಕ್ಕಗಳಲ್ಲಿ ಒಂದೊಂದು, ಕೀಲಿನ ನಡುವೆ ಕತ್ತರಿಯಂತೆ ಒಂದನ್ನೊಂದು ದಾಟುವ ಇನ್ನೆರಡು. ನಡುವಿನವುಗಳಲ್ಲಿ ಮುಂದಿನದೇ ಎಸಿಎಲ್. ಕಾಲಿನ ಮೂಳೆ ಮುಂದಕ್ಕೆ ಜಾರದಂತೆ, ಮಂಡಿ ತಿರುಚಿಕೊಳ್ಳದಂತೆ ತಡೆಯುವುದು ಅದರ ಕೆಲಸ.

ಒಳಪಕ್ಕದ ಲಿಗಮೆಂಟಿಗೆ ಸುತ್ತಲಿನಿಂದ ರಕ್ತ ಚೆನ್ನಾಗಿ ಬರುತ್ತದೆ. ಆದ್ದರಿಂದ ಅದು ಹರಿದರೂ ಹೆಚ್ಚಿನವರಿಗೆ ಪಟ್ಟಿ ಮತ್ತು ವ್ಯಾಯಾಮದಿಂದಲೇ ಕೂಡಿಕೊಳ್ಳುತ್ತದೆ. ಎಸಿಎಲ್ ಇರುವುದು ಕೀಲಿನ ದ್ರವದ ನಡುವೆ. ಗಾಯ ಮಾಯಲು ಮೊದಲು ರಕ್ತ ಹೆಪ್ಪುಗಟ್ಟಿ ಎರಡು ತುದಿಗಳ ನಡುವೆ ಸೇತುವೆಯಾಗಬೇಕು. ಇಲ್ಲಿ ಆ ಹೆಪ್ಪು ನಿಲ್ಲುವುದು ಕಷ್ಟ. ಹಾಗಾಗಿ ಪೂರ್ತಿ ಹರಿದ ಎಸಿಎಲ್ ತಾನಾಗಿ ಸರಿಯಾಗಿ ಕೂಡುವುದು ಅಪರೂಪ. ಹಾಗೆಂದು ಎಲ್ಲರಿಗೂ ಆಪರೇಷನ್ ಬೇಕೆಂದಿಲ್ಲ. ಆಟೋಟದ ಗೋಜಿಲ್ಲದ, ನಡೆಯುವಾಗ ಮಂಡಿ ಕೈಕೊಡದ ಕೆಲವರು ಸ್ನಾಯುಗಳನ್ನು ಬಲಪಡಿಸಿಕೊಂಡೇ ಚೆನ್ನಾಗಿರುತ್ತಾರೆ.

ಆಪರೇಷನ್‌ನಲ್ಲಿ ಸಾಮಾನ್ಯವಾಗಿ ನಿಮ್ಮದೇ ತೊಡೆಯ ಅಥವಾ ಮಂಡಿಚಿಪ್ಪಿನ ಬಳಿಯ ಸ್ನಾಯುತಂತುವನ್ನು ತೆಗೆದು ಹೊಸ ಹಗ್ಗವಾಗಿ ಕೂರಿಸುತ್ತಾರೆ. ನೆನಪಿಡಬೇಕಾದ ಮಾತು ಇಲ್ಲಿದೆ. ಈ ಹೊಸ ಹಗ್ಗದೊಳಗೆ ರಕ್ತನಾಳ ಬೆಳೆಯಬೇಕು, ಹೊಸ ಜೀವಕೋಶ ತುಂಬಬೇಕು. ಅದೆಲ್ಲ ನಡೆಯುವ ಮೊದಲ ಕೆಲವು ತಿಂಗಳು ಅದು ಕೂರಿಸಿದ ದಿನಕ್ಕಿಂತಲೂ ದುರ್ಬಲವಾಗಿರುತ್ತದೆ. ಅಷ್ಟರಲ್ಲಿ ನೋವು, ಊತ ಇಳಿದಿರುತ್ತದೆ. "ನನಗೇನೂ ಇಲ್ಲ" ಎಂದು ಮೈದಾನಕ್ಕಿಳಿದರೆ ಮತ್ತೆ ಹರಿಯುವ ಅಪಾಯ. ಓಡಿ ತಿರುಗುವ ಆಟಕ್ಕೆ ಕನಿಷ್ಠ 9 ತಿಂಗಳು ಕಾಯಿರಿ ಎನ್ನುವುದು ಇದಕ್ಕೇ.

ಇನ್ನೊಂದು ಸಂಗತಿ. ಮಂಡಿ ಊದಿದಾಗ ತೊಡೆಯ ಮುಂಭಾಗದ ಸ್ನಾಯುವಿಗೆ ಹೋಗುವ ನರದ ಸೂಚನೆಯೇ ಕುಗ್ಗುತ್ತದೆ, ಕೆಲವೇ ವಾರಗಳಲ್ಲಿ ತೊಡೆ ಸೊರಗುತ್ತದೆ. ಲಿಗಮೆಂಟಿನಲ್ಲಿ ಕಾಲು ಎಲ್ಲಿದೆ ಎಂದು ಮೆದುಳಿಗೆ ತಿಳಿಸುವ ನರತುದಿಗಳೂ ಇರುತ್ತವೆ. ಹರಿದಾಗ ಆ ಸುದ್ದಿಯೂ ಕಡಿತ. ಆದ್ದರಿಂದಲೇ ಫಿಸಿಯೊಥೆರಪಿಯಲ್ಲಿ ಮೊದಲು ಊತ ಇಳಿಸಿ ಕಾಲನ್ನು ಪೂರ್ತಿ ನೀಡಿಸುತ್ತಾರೆ, ಆಮೇಲೆ ತೊಡೆಗೆ ಬಲ, ಆಮೇಲೆ ಒಂಟಿ ಕಾಲಿನ ಸಮತೋಲ, ಕೊನೆಗೆ ಓಟ, ಜಿಗಿತ. ಈ ಕ್ರಮದಲ್ಲಿ ಒಂದು ಮೆಟ್ಟಿಲು ಹಾರಿದರೂ ಮಂಡಿ ಲೆಕ್ಕ ಕೇಳುತ್ತದೆ.

ರಿಷಭ್ ಪಂತ್ ನೆನಪಿದೆಯಲ್ಲ? 2022ರ ಡಿಸೆಂಬರ್ 30ರಂದು ಕಾರು ಅಪಘಾತ, 2023ರ ಜನವರಿಯಲ್ಲಿ ಮುಂಬಯಿಯಲ್ಲಿ ಮಂಡಿ ಲಿಗಮೆಂಟಿನ ಶಸ್ತ್ರಚಿಕಿತ್ಸೆ, ನಂತರ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ಅಭ್ಯಾಸ. ಮತ್ತೆ ಐಪಿಎಲ್ ಆಡಿದ್ದು 2024ರ ಮಾರ್ಚಿನಲ್ಲಿ. ಸಕಲ ಸೌಲಭ್ಯವಿದ್ದ ಆಟಗಾರನಿಗೇ ಅಷ್ಟು ಕಾಲ ಹಿಡಿಯಿತು. ಆಫೀಸು, ಮನೆ, ಗಾಡಿ ಹಿಡಿಯುವ ಧಾವಂತದ ನಡುವೆ ಇರುವ ನಮಗೆ ಹಿಡಿಯದೇ?

ಕೊನೆಯದಾಗಿ ಒಂದು ಮಾತು. ಉಳುಕಿದ ಮಂಡಿಯನ್ನು ಎಳೆದು ತಿರುಚಿ ನೀವಿಸಬೇಡಿ. ಪೆಟ್ಟಾದಾಗ ಟಕ್ಕೆಂದು ಸದ್ದಾಗಿ ಕೆಲವೇ ಗಂಟೆಗಳಲ್ಲಿ ಊದಿಕೊಂಡರೆ, ಭಾರ ಹಾಕಲಾಗದಿದ್ದರೆ, ಮಂಡಿ ಸಿಕ್ಕಿಕೊಂಡು ನೀಡಲಾಗದಿದ್ದರೆ ತಡಮಾಡದೆ ಮೂಳೆತಜ್ಞರನ್ನು ಕಾಣಿ. ಪಾದ ತಣ್ಣಗಾದರೆ ಅಥವಾ ಜೋಮು ಹಿಡಿದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಚಿಕಿತ್ಸೆ ನಡೆಯುತ್ತಿರುವವರು, ನೋವು ಹೋದ ದಿನವೇ ವ್ಯಾಯಾಮ ಬಿಡಬೇಡಿ. ಯಾವಾಗ ಬಿಡಬಹುದು ಎಂಬುದನ್ನು ನಿಮ್ಮ ಫಿಸಿಯೊಥೆರಪಿಸ್ಟ್ ಹೇಳಲಿ.

ಮಂಡಿ ಜೋಪಾನ!