ವಿಗ್ ತೊಟ್ಟು ಪಾರಾದವನು

1970ರ ಫೆಬ್ರವರಿ. ದೆಹಲಿಯ ಸೋವಿಯತ್ ರಾಯಭಾರ ಕಚೇರಿಯ ಯೂರಿ ಬೆಜ್ಮೆನೋವ್ ಕಾಣೆಯಾದ. ಬಿಳಿ ಅಂಗಿ, ಟೈ, ಕೈಯಲ್ಲಿ ಬ್ರೀಫ್‌ಕೇಸು ಹಿಡಿದು ಓಡಾಡುತ್ತಿದ್ದವನಿಗಾಗಿ ಪೊಲೀಸರು ಎಲ್ಲೆಡೆ ಹುಡುಕಾಡಿದರು. ಅವನೋ ಜೀನ್ಸ್, ಉದ್ದ ಕುರ್ತಾ, ಕೊರಳ ತುಂಬ ಮಣಿಸರ, ತಲೆಗೊಂದು ವಿಗ್ ಏರಿಸಿಕೊಂಡು ಹಿಪ್ಪಿಗಳ ಗುಂಪಿನಲ್ಲಿ ಸೇರಿಹೋಗಿದ್ದ. ಅಲ್ಲಿಂದ ಗ್ರೀಸಿನ ಅಥೆನ್ಸ್, ಆಮೇಲೆ ಅಮೆರಿಕದ ಸಿಐಎ ವಿಚಾರಣೆ, ಕೊನೆಗೆ ಕೆನಡಾದಲ್ಲಿ ಆಶ್ರಯ.

ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಯ ಕೆಲಸದವನೊಬ್ಬ ಪಕ್ಷ ಬದಲಿಸುವುದು ಶೀತಲ ಸಮರದ ಕಾಲಕ್ಕೆ ಹೊಸದೇನಲ್ಲ. ನನಗೆ ಬಗೆಹರಿಯದೆ ಉಳಿದದ್ದು ಆ ವಿಗ್. ಅಮೆರಿಕನ್ನರ ರಾಯಭಾರ ಕಚೇರಿ ಇದ್ದದ್ದು ಅದೇ ಊರಿನ ಶಾಂತಿಪಥದಲ್ಲಿ. ಟ್ಯಾಕ್ಸಿ ಹಿಡಿದು ನೇರ ಒಳಗೆ ಹೋಗಬಹುದಿತ್ತಲ್ಲ? ಹೋಗುವಂತಿರಲಿಲ್ಲ. ಯಾಕೆಂದರೆ ಮೂರು ವರ್ಷ ಮುಂಚೆ ಒಬ್ಬ ಹೆಂಗಸು ಅದನ್ನೇ ಮಾಡಿ ಮುಗಿಸಿದ್ದಳು.

ಆಕೆ ಸ್ಟಾಲಿನ್‌ನ ಮಗಳು ಸ್ವೆಟ್ಲಾನಾ. ಮಾಸ್ಕೋದಲ್ಲಿ ಆಕೆಯ ಜೊತೆಗಿದ್ದ ಬ್ರಜೇಶ್ ಸಿಂಗ್, ಉತ್ತರ ಪ್ರದೇಶದ ಕಾಲಾಕಾಂಕರ್ ರಾಜಮನೆತನದವರು. ಮದುವೆಗೆ ಸೋವಿಯತ್ ಸರ್ಕಾರ ಒಪ್ಪಲಿಲ್ಲ. 1966ರ ಅಕ್ಟೋಬರ್ 31ರಂದು ಅವರು ತೀರಿಕೊಂಡರು. ಚಿತಾಭಸ್ಮವನ್ನು ಗಂಗೆಯಲ್ಲಿ ಬಿಡಬೇಕೆಂದು ಸ್ವೆಟ್ಲಾನಾ ಡಿಸೆಂಬರಿನಲ್ಲಿ ಭಾರತಕ್ಕೆ ಬಂದಳು. ಕಾಲಾಕಾಂಕರ್‌ನ ಹೊಳೆದಂಡೆಯ ಮನೆ ಹಿಡಿಸಿಬಿಟ್ಟಿತು. ಇಲ್ಲೇ ಇರುತ್ತೇನೆ ಎಂದಳು. ಬ್ರಜೇಶರ ಸೋದರನ ಮಗ ದಿನೇಶ್ ಸಿಂಗ್ ಆಗ ಕೇಂದ್ರದಲ್ಲಿ ಮಂತ್ರಿ. ಆದರೂ ಮಾಸ್ಕೋದ ಮನಸ್ಸು ನೋಯಿಸಲು ದೆಹಲಿಗೆ ಧೈರ್ಯ ಬರಲಿಲ್ಲ. 1967ರ ಮಾರ್ಚ್ 8ರ ವಿಮಾನದಲ್ಲಿ ವಾಪಸು ಹೋಗಬೇಕೆಂದು ಗೊತ್ತಾಯಿತು, ಪಾಸ್‌ಪೋರ್ಟ್ ಕೈಗೆ ಬಂತು. ಮಾರ್ಚ್ 6ರ ಸಂಜೆ ಆಕೆ ಟ್ಯಾಕ್ಸಿ ಕರೆಸಿಕೊಂಡು ಅಮೆರಿಕನ್ ರಾಯಭಾರ ಕಚೇರಿಗೆ ಹೋದಳು. ರಾಯಭಾರಿ ಚೆಸ್ಟರ್ ಬೌಲ್ಸ್ ಕಾಯಿಲೆ ಬಿದ್ದು ಮಲಗಿದ್ದರು. ವಾಷಿಂಗ್ಟನ್ನಿನ ಉತ್ತರಕ್ಕೆ ಕಾಯುತ್ತ ಕೂತರೆ ಅಷ್ಟರಲ್ಲಿ ರಷ್ಯನ್ನರು ಎಚ್ಚೆತ್ತುಕೊಳ್ಳುತ್ತಾರೆಂದು ಮಲಗಿದ್ದಲ್ಲೇ ತೀರ್ಮಾನ ಮಾಡಿದರು. ನಡುರಾತ್ರಿ ಕಳೆದ ಮೇಲೆ, ಸಿಐಎಯ ರಾಬರ್ಟ್ ರೇಲ್ ಜೊತೆಗೆ, ಕ್ವಾಂಟಾಸ್ ವಿಮಾನದಲ್ಲಿ ಆಕೆ ರೋಮ್‌ಗೆ ಹೊರಟಾಗಿತ್ತು.

ದೆಹಲಿಗೆ ಮುಖಭಂಗವಾಯಿತು. ಉತ್ತರ ಹೇಳಬೇಕಾದವರು ಆಗಿನ ವಿದೇಶಾಂಗ ಮಂತ್ರಿ ಎಂ.ಸಿ. ಛಾಗ್ಲಾ, ನಮ್ಮ ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದವರು. ಆಶ್ರಯ ಬೇಡಿದವಳನ್ನು ಯಾಕೆ ಉಳಿಸಿಕೊಳ್ಳಲಿಲ್ಲ ಎಂದು ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಲೋಕಸಭೆಯಲ್ಲಿ ಎದ್ದು ನಿಂತರು. ನಾನಿರುವ ಮುಂಬಯಿಯ ಗೋರೆಗಾಂವ್‌ನಲ್ಲಿ ಇಂಥ ಮಾತಿಗೆ ಕಿವಿ ಬೇಗ ನಿಮಿರುತ್ತದೆ. ಇದು ಸಮಾಜವಾದಿಗಳ ಊರು. ನೀರಿಗಾಗಿ ಹೆಂಗಸರನ್ನು ಬೀದಿಗಿಳಿಸಿ ‘ಪಾನಿವಾಲಿ ಬಾಯಿ’ ಎನಿಸಿಕೊಂಡ ಮೃಣಾಲ್ ಗೋರೆ ಇಲ್ಲಿಯವರು. ಅವರ ಪತಿ ಕೇಶವ ಗೋರೆ ಹೆಸರಿನ ಸ್ಮಾರಕ ಸಭಾಂಗಣದಲ್ಲಿ ನಾವು ಕನ್ನಡದವರೂ ಎಷ್ಟೋ ಭಾಷಣ ಕೇಳಿದ್ದೇವೆ. ಲೋಹಿಯಾ ಹೆಸರೆತ್ತಿದರೆ ವಾದಕ್ಕೆ ಸಿದ್ಧರಿದ್ದ ಹಳಬರು ಅಲ್ಲಿ ಈಗ ಕಾಣುವುದು ಕಡಿಮೆ.

ಸ್ವೆಟ್ಲಾನಾ ಹೋದ ವರ್ಷದ ಕೊನೆಗೇ ಮತ್ತೊಂದು ಪ್ರಕರಣ. ಪ್ರವಾಸಕ್ಕೆಂದು ಬಂದಿದ್ದ ಅಜೀಜ್ ಉಲುಗ್-ಜಾದೆ ಎಂಬ ಸೋವಿಯತ್ ಯುವಕನೂ ಅಮೆರಿಕನ್ನರ ಆಶ್ರಯ ಕೇಳಿದ. ಭಾರತ ಸರ್ಕಾರದ ಸಹನೆ ಮುಗಿಯಿತು. ಯಾವ ವಿದೇಶಿ ಕಚೇರಿಗೂ ತನ್ನ ಆವರಣದೊಳಗೆ ಯಾರಿಗಾದರೂ ಆಶ್ರಯ ಕೊಡುವ ಹಕ್ಕಿದೆಯೆಂದು ಭಾರತ ಒಪ್ಪುವುದಿಲ್ಲ ಎಂದು 1967ರ ಡಿಸೆಂಬರ್ 30ರಂದು ಎಲ್ಲ ರಾಯಭಾರ ಕಚೇರಿಗಳಿಗೂ ಸುತ್ತೋಲೆ ಹೋಯಿತು. ಭಾರತದ ಸಂಸತ್ತೇ ಕಾನೂನು ಮಾಡಿತು ಅಂತ ಬೆಜ್ಮೆನೋವ್ ಮುಂದೆ ಹೇಳಿಕೊಂಡದ್ದುಂಟು. ಕಾನೂನೂ ಇಲ್ಲ ಏನೂ ಇಲ್ಲ, ಬರೀ ಸುತ್ತೋಲೆ. ಆದರೆ ಗೇಟಿಗೆ ಅಗುಳಿ ಹಾಕಲು ಅಷ್ಟು ಸಾಕಾಯಿತು. ಅವನಿಗೆ ಉಳಿದದ್ದು ವೇಷ.

ಬೆಜ್ಮೆನೋವ್‌ಗೆ ಭಾರತ ಹೊಸದಲ್ಲ. 1939ರಲ್ಲಿ ಮಾಸ್ಕೋ ಪಕ್ಕದ ಮಿತಿಶ್ಚಿಯಲ್ಲಿ ಹುಟ್ಟಿ, ಪೌರ್ವಾತ್ಯ ಭಾಷೆಗಳನ್ನು ಓದಿ, 1963ರ ಸುಮಾರಿಗೆ ಸೋವಿಯತ್ ನೆರವಿನ ತೈಲ ಶುದ್ಧೀಕರಣ ಘಟಕಗಳಿಗೆ ದುಭಾಷಿಯಾಗಿ ಬಂದಿದ್ದ. ಆಮೇಲೆ ನೋವೊಸ್ತಿ ಸುದ್ದಿಸಂಸ್ಥೆ. ಕೆಲಸ ಪತ್ರಕರ್ತನದು, ಲೆಕ್ಕ ಒಪ್ಪಿಸುವುದು ಕೆಜಿಬಿಗೆ. ಇಲ್ಲಿನ ಬರಹಗಾರರನ್ನೂ ಸಂಪಾದಕರನ್ನೂ ಒಲಿಸಿಕೊಳ್ಳುವುದು, ಒಲಿಯದವರ ಹುಳುಕು ಹುಡುಕುವುದು. ದೆಹಲಿಯ ಅದೇ ರಾಯಭಾರ ಕಚೇರಿಯ ‘ಸೋವಿಯತ್ ಲ್ಯಾಂಡ್’ ಪತ್ರಿಕೆ ಕನ್ನಡದಲ್ಲೂ ಬರುತ್ತಿತ್ತು. ನುಣುಪು ಕಾಗದ, ಕೊಯ್ಲಿನ ಯಂತ್ರದ ಪಕ್ಕ ನಗುವ ರೈತ ಹೆಂಗಸರು. ಓದಿದವರೆಷ್ಟೋ, ಶಾಲೆಯ ಪುಸ್ತಕಕ್ಕೆ ಅದರ ಹಾಳೆಯ ರಟ್ಟು ಹಾಕಿದವರಿಗಂತೂ ಲೆಕ್ಕವಿಲ್ಲ. ಅಷ್ಟು ಗಟ್ಟಿ ಬೈಂಡಿಂಗಿನ ಕಾಗದ ಮತ್ತೆ ಯಾವ ದೇಶವೂ ನಮಗೆ ಪುಕ್ಕಟೆಯಂತೆ ಕೊಡಲಿಲ್ಲ.

ತಪ್ಪಿಸಿಕೊಳ್ಳುವ ಮುಂಚೆ ಅವನು ಹಿಪ್ಪಿಗಳನ್ನು ಅಭ್ಯಾಸ ಮಾಡಿದನಂತೆ: ಎಲ್ಲಿ ಸೇರುತ್ತಾರೆ, ಯಾವ ದಾರಿ ಹಿಡಿಯುತ್ತಾರೆ. ಹಿಪ್ಪಿಗಳೆಂದರೆ ಪೊಲೀಸರಿಗೆ ತಲೆನೋವು, ಜನಕ್ಕೆ ನಗೆಪಾಟಲು. ಮುಖವನ್ನು ಎರಡನೇ ಸಲ ನೋಡುವವರಿರಲಿಲ್ಲ. ಪತ್ರಿಕೆಗಳಲ್ಲಿ ತನ್ನ ಫೋಟೋ, ಹುಡುಕಿಕೊಟ್ಟವರಿಗೆ 2,000 ರೂಪಾಯಿ ಬಹುಮಾನ ಎಂದು ಪ್ರಕಟವಾಗಿತ್ತೆಂದೂ ಹೇಳಿದ್ದಾನೆ.

ಗೋರೆಗಾಂವ್ ಪಶ್ಚಿಮದಲ್ಲಿ ಫಿಲ್ಮಿಸ್ತಾನ್ ಸ್ಟುಡಿಯೋ ಇತ್ತು, ಪೂರ್ವದಲ್ಲಿ ಫಿಲ್ಮ್ ಸಿಟಿ ಇದೆ. ಇಲ್ಲಿನ ಮೇಕಪ್ ದಾದಾಗಳಿಗೆ ವಿಗ್ ಕಟ್ಟುವ ಈ ಕಸುಬು ಗೊತ್ತು. ತೆಳು ಬಲೆಯ ಮೇಲೆ ಒಂದೊಂದೇ ಕೂದಲನ್ನು ಸೂಜಿಯಲ್ಲಿ ಎಳೆದು ಗಂಟು ಹಾಕಬೇಕು, ಹಣೆಯಂಚಿಗೆ ಸ್ಪಿರಿಟ್ ಗಮ್ ಬಳಿದು ಒದ್ದೆ ಬಟ್ಟೆಯಲ್ಲಿ ಒತ್ತಬೇಕು. ಬೆವರಿದರೆ ಮೊದಲು ಕಿವಿಯ ಹತ್ತಿರ ಏಳುತ್ತದೆ. ದೆಹಲಿಯ ಫೆಬ್ರವರಿಗೆ ಬದಲು ಮೇ ತಿಂಗಳಾಗಿದ್ದರೆ ಸೋವಿಯತ್ ರಹಸ್ಯವೆಲ್ಲ ವಿಗ್ಗಿನ ಜೊತೆಗೇ ಕಳಚಿಬೀಳುತ್ತಿತ್ತೇನೊ. ಇಂಥ ಕತೆಯನ್ನು ಇಷ್ಟು ಸ್ಟುಡಿಯೋಗಳ ಪೈಕಿ ಒಂದಾದರೂ ಎತ್ತಿಕೊಳ್ಳಬಾರದಿತ್ತೇ?

ಮುಂದಿನದು ಬೇಗ ಹೇಳಬಹುದು. ಟೊರಾಂಟೊದಲ್ಲಿ ಓದು, ಕೆನಡಾದ ಸಿಬಿಸಿಯಲ್ಲಿ ಬಾನುಲಿ ಕೆಲಸ, ಸೋವಿಯತ್ ಒತ್ತಡದಿಂದ ಅದೂ ಹೋಯಿತೆಂಬ ಅವನ ದೂರು, ತೋಮಸ್ ಶೂಮನ್ ಎಂಬ ಹೊಸ ಹೆಸರು. 1984ರಲ್ಲಿ ಅಮೆರಿಕದ ಲೇಖಕ ಎಡ್ವರ್ಡ್ ಗ್ರಿಫಿನ್‌ಗೆ ಕೊಟ್ಟ ದೀರ್ಘ ಸಂದರ್ಶನದಲ್ಲಿ, ಗುಂಡು ಹಾರಿಸದೆ ಒಂದು ದೇಶವನ್ನು ಕೆಡವುವ ನಾಲ್ಕು ಹಂತಗಳನ್ನು ಬೋಧಿಸಿದ. ಇವತ್ತು ವಾಟ್ಸಾಪ್‌ನಲ್ಲಿ ಓಡಾಡುವುದು ಈ ಭಾಗ ಮಾತ್ರ. ಎಡದವರನ್ನು ಬೈಯಲು ಬಲದವರಿಗೆ ಅವನು ಪ್ರವಾದಿ. 2020ರಲ್ಲಿ ಒಂದು ವಿಡಿಯೊ ಗೇಮಿನ ಜಾಹೀರಾತಿಗೂ ಅವನ ಮುಖ ಬಂತು. ನನಗೆ ರೇಗುವುದು ಇಲ್ಲೇ. ಸುದ್ದಿಸಂಸ್ಥೆಯ ಕಿರಿಯ ನೌಕರನೊಬ್ಬ ಕೆಜಿಬಿಯ ತಲೆಯೊಳಗೇ ಕೂತಿದ್ದವನಂತೆ ಮಾತಾಡಿದರೆ ಜನ ಪ್ರಶ್ನೆ ಕೇಳುವುದಿಲ್ಲ. ಕಣ್ಣಾರೆ ಕಂಡದ್ದನ್ನು, ದೆಹಲಿಯ ಬೀದಿ, ಅಂಜಿಕೆ, ಇದನ್ನು ಹೇಳುವಾಗ ಮಾತ್ರ ಅವನು ನಂಬುವಂತಿರುತ್ತಾನೆ.

ಅಮೆರಿಕಕ್ಕೆ ಉಳಿದಿರುವ ಕಾಲ ಸ್ವಲ್ಪವೇ ಎಂದು ಆ ಸಂದರ್ಶನದಲ್ಲಿ ಎಚ್ಚರಿಸಿದ್ದ. ಏಳು ವರ್ಷಕ್ಕೆ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಅದನ್ನು ನೋಡಿಕೊಂಡೇ 1993ರ ಜನವರಿಯಲ್ಲಿ, ಕೆನಡಾದ ವಿಂಡ್ಸರ್‌ನಲ್ಲಿ, ಬೆಜ್ಮೆನೋವ್ ತೀರಿಕೊಂಡ.