ಕಡಲಂಚು ಬಿಟ್ಟು ಘಟ್ಟದ ಕಡೆಗೆ

ಕರಾವಳಿಯಲ್ಲಿ ಸೈಕಲ್ ಪ್ರವಾಸ ಎಂದರೆ ಹಲವರ ಕಣ್ಣು ರಾಷ್ಟ್ರೀಯ ಹೆದ್ದಾರಿ 66ರ ಕಡೆಗೇ ಹೋಗುತ್ತದೆ. ದಾರಿ ಸಮತಟ್ಟು, ನಿಜ. ಆದರೆ ಲಾರಿಗಳ ಓಟದ ಪಕ್ಕದಲ್ಲಿ ಪೆಡಲ್ ತುಳಿಯುವುದರಲ್ಲಿ ಸುಖವಿಲ್ಲ. ಉಡುಪಿಯಿಂದ ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆಗೆ ಏರುವುದೇ ಮೇಲು. ಅಷ್ಟು ಎತ್ತರ ಸಾಮಾನ್ಯರಿಂದ ಸಾಧ್ಯವೇ ಎಂಬ ಆಕ್ಷೇಪಕ್ಕೆ ಲೆಕ್ಕವೇ ಉತ್ತರ. ಸವಾರ, ಸೈಕಲ್ ಸೇರಿ 80 ಕಿಲೊ ಇದ್ದರೆ 500 ಮೀಟರ್ ಏರಲು ಗುರುತ್ವದ ವಿರುದ್ಧ ಸುಮಾರು 390 ಕಿಲೊಜೂಲ್ ಬೇಕು. ಕಾಲುಗಳು 130 ವ್ಯಾಟ್ ಕೊಟ್ಟರೂ ಗಂಟೆಯ ಆಸುಪಾಸಿನ ಕೆಲಸ. ಘಟ್ಟದ 14 ಹೇರ್‌ಪಿನ್ ತಿರುವುಗಳು ಏರನ್ನು ಉದ್ದಕ್ಕೆ ಹಂಚುತ್ತವೆ, ಬಸ್ಸುಗಳ ವೇಗವನ್ನೂ ತಗ್ಗಿಸುತ್ತವೆ. ಮಳೆಯ ಆಕ್ಷೇಪ ಮಾತ್ರ ಗಟ್ಟಿಯಾದುದು: ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7000 ಮಿಲಿಮೀಟರ್ ದಾಟುತ್ತದೆ, ಒದ್ದೆ ಇಳಿಜಾರಿನಲ್ಲಿ ಬ್ರೇಕ್ ಬೇಗ ಹಿಡಿಯುವುದಿಲ್ಲ. ಆದ್ದರಿಂದ ನವೆಂಬರ್‌ನಿಂದ ಫೆಬ್ರುವರಿಯೊಳಗೆ, ಬೆಳಗ್ಗೆ ಬೇಗ ಹೊರಡುವುದೇ ಸರಿ.