ಚೆಂಗ್ಡು ಆಕಾಶದಲ್ಲಿ ಬಾಲವಿಲ್ಲದ ಬೆರಗು

2024ರ ಡಿಸೆಂಬರ್ 26. ಚೀನಾದ ಸಿಚುವಾನ್ ಪ್ರಾಂತ್ಯದ ಚೆಂಗ್ಡು ನಗರ. ರಸ್ತೆಯಲ್ಲಿದ್ದವರು ಸದ್ದು ಕೇಳಿ ತಲೆಯೆತ್ತಿ ನೋಡುತ್ತಾರೆ, ಮೇಲೊಂದು ಯುದ್ಧವಿಮಾನ. ಅದಕ್ಕೆ ಬಾಲವೇ ಇಲ್ಲ! ಹಿಂಬದಿಯಲ್ಲಿ ನೆಟ್ಟಗೆ ನಿಂತ ರೆಕ್ಕೆ ಇಲ್ಲ, ಅಡ್ಡರೆಕ್ಕೆಯೂ ಇಲ್ಲ. ಮೂಗಿನಿಂದ ಹಿಂದಂಚಿನವರೆಗೆ ಮೈ ಯಾವುದು, ರೆಕ್ಕೆ ಯಾವುದು ಎಂದು ಬಿಡಿಸಿ ಹೇಳಲಾಗದ ಒಂದೇ ಅಗಲವಾದ ಆಕಾರ. ಚೀನಾದ ವಿಮಾನಪ್ರಿಯರು ಅದನ್ನು ಗಿಂಕ್ಗೊ ಮರದ ಎಲೆ ಎಂದು ಕರೆದರು. ಪಕ್ಕದಲ್ಲೇ ಚೀನಾದ್ದೇ ಎರಡು ಸೀಟಿನ ಜೆ-20 ಯುದ್ಧವಿಮಾನ ಕಾವಲುಗಾರನಂತೆ ಹಾರುತ್ತಿತ್ತು. ಜೇಬುಗಳಿಂದ ಮೊಬೈಲುಗಳು ಹೊರಬಂದವು. ಕೆಲವೇ ಗಂಟೆಗಳಲ್ಲಿ ಆ ಚಿತ್ರಗಳು ಜಗತ್ತನ್ನೆಲ್ಲ ಸುತ್ತಿ ಬಂದವು.

ಅಷ್ಟಕ್ಕೇ ಮುಗಿಯಲಿಲ್ಲ. ಅದೇ ದಿನ ಇನ್ನೊಂದು ಬಾಲವಿಲ್ಲದ ವಿಮಾನದ ಚಿತ್ರಗಳೂ ಹೊರಬಿದ್ದವು. ಇದು ಮೊದಲನೆಯದರಂತೆ ಚೆಂಗ್ಡು ವಿಮಾನ ಕಾರ್ಖಾನೆಯದಲ್ಲ, ಈಶಾನ್ಯದ ಶೆನ್ಯಾಂಗ್ ಕಾರ್ಖಾನೆಯದು. ಒಂದೇ ದಿನ ಎರಡು! ಅದೂ ಮಾವೋ ಹುಟ್ಟಿದ ದಿನ. ಚೀನಾ ಸರ್ಕಾರ ತುಟಿ ಪಿಟಕ್ಕೆನ್ನಲಿಲ್ಲ. ಈಗ ನಾವೆಲ್ಲ ಬಳಸುವ ಜೆ-36, ಜೆ-50 ಎಂಬ ಹೆಸರುಗಳು ಕೂಡ ಹೊರಗಿನವರು ಇಟ್ಟುಕೊಂಡವು.

ಮೊದಲ ಪ್ರಶ್ನೆ ಸಹಜವಾಗಿಯೇ ಎದ್ದಿತು: ಇದು ನಿಜವೇ?

ಅನುಮಾನಪಡಲು ಕಾರಣಗಳು ಬೇಕಾದಷ್ಟಿದ್ದವು. ಅದಕ್ಕೆ ಒಂದೂವರೆ ತಿಂಗಳ ಹಿಂದಷ್ಟೇ, ನವೆಂಬರಿನಲ್ಲಿ, ಝುಹಾಯ್ ವೈಮಾನಿಕ ಪ್ರದರ್ಶನದಲ್ಲಿ 'ಬೈಡಿ' ಎಂಬ ಬೃಹತ್ ವಿಮಾನ ನಿಂತಿತ್ತು. ಅದರ ಚಿತ್ರ ಕಂಡವರು ಚೀನಾದ ಮುಂದಿನ ಯುದ್ಧವಿಮಾನ ಇದೇ ಎಂದು ಹಂಚಿದ್ದೇ ಹಂಚಿದ್ದು. ಅದು ಹಾರುವ ವಿಮಾನವೇ ಆಗಿರಲಿಲ್ಲ. ಚೀನಾದ ಸರ್ಕಾರಿ ವಿಮಾನ ಕಂಪನಿಯೇ ಬೆಳೆಸುತ್ತಿರುವ 'ನಾನ್‌ತಿಯಾನ್‌ಮೆನ್' ಎಂಬ ವೈಜ್ಞಾನಿಕ ಕಲ್ಪನಾಲೋಕಕ್ಕೆ ಸೇರಿದ ಮಾದರಿ ಅದು. ಅಂದರೆ ಚಿತ್ರ ಅಸಲಿ, ವಸ್ತುವೂ ಅಸಲಿ, ವಿಮಾನ ಮಾತ್ರ ಕಲ್ಪನೆ!

ಇರಾನಿನ 'ಕಾಹೆರ್-313' ಯುದ್ಧವಿಮಾನದ ಕಥೆ ಇನ್ನೂ ಸ್ವಾರಸ್ಯದ್ದು. 2013ರ ಫೆಬ್ರುವರಿ 2ರಂದು ಅಧ್ಯಕ್ಷ ಅಹ್ಮದಿನೆಜಾದ್ ಅದನ್ನು ಜಗತ್ತಿಗೆ ತೋರಿಸಿದರು. ಚಿತ್ರ ನೋಡಿದ ತಜ್ಞರು ಹುಬ್ಬೇರಿಸಿದರು. ಕಾಕ್‌ಪಿಟ್ ಎಷ್ಟು ಕಿರಿದೆಂದರೆ ಪೈಲಟ್ ಮೊಣಕಾಲು ಮಡಚಿ ತುರುಕಿಕೊಂಡು ಕೂರಬೇಕು. ಕೆಲವು ದಿನಗಳ ನಂತರ ಬಂತು ನೋಡಿ, ಹಿಮ ಹೊದ್ದ ದಮಾವಂದ್ ಪರ್ವತದ ಮೇಲೆ ಕಾಹೆರ್ ಹಾರುತ್ತಿರುವ ಚಿತ್ರ! ಇರಾನಿನ ಬ್ಲಾಗಿಗರೇ ಅದನ್ನು ಬಿಚ್ಚಿಟ್ಟರು. ಪರ್ವತದ ಚಿತ್ರ ಅಂತರ್ಜಾಲದಲ್ಲಿ ಮೊದಲೇ ಇತ್ತು. ವಿಮಾನವನ್ನು ಪ್ರದರ್ಶನದ ದಿನದ ಚಿತ್ರದಿಂದ ಕತ್ತರಿಸಿ ಅಂಟಿಸಲಾಗಿತ್ತು. ಸಿಕ್ಕಿಬಿದ್ದದ್ದು ಹೇಗೆ ಗೊತ್ತೇ? ಎರಡೂ ಚಿತ್ರಗಳಲ್ಲಿ ವಿಮಾನ ನಿಂತ ಕೋನ ಒಂದೇ, ಮೈಮೇಲೆ ಬೆಳಕು ಹೊಳೆಯುವ ಜಾಗವೂ ಒಂದೇ. ಛಾವಣಿಯಡಿಯ ದೀಪದ ಹೊಳಪನ್ನು ಹೊತ್ತುಕೊಂಡೇ ಅದು ಪರ್ವತದ ಮೇಲೆ ಹಾರುತ್ತಿತ್ತು!

ಇಷ್ಟೆಲ್ಲ ಕಂಡ ಕಣ್ಣುಗಳು ಚೆಂಗ್ಡು ಚಿತ್ರಗಳನ್ನು ಸುಲಭವಾಗಿ ನಂಬಿಯಾವೇ? ಆದರೂ ನಂಬಿದವು, ಅದೂ ಬಹಳ ಬೇಗ. ಅದು ಸಾಧ್ಯವಾದ ಬಗೆಯೇ ನನ್ನನ್ನು ಮೈಮರೆಸುತ್ತದೆ.

ಚಿತ್ರಗಳು ಒಂದಲ್ಲ, ಹಲವು. ಒಬ್ಬರು ತೆಗೆದದ್ದಲ್ಲ, ಬೇರೆ ಬೇರೆ ರಸ್ತೆಗಳಲ್ಲಿ ನಿಂತ ಬೇರೆ ಬೇರೆ ಜನ ತೆಗೆದದ್ದು. ಒಂದರಲ್ಲಿ ವಿಮಾನದ ಹೊಟ್ಟೆ ಕಾಣುತ್ತದೆ, ಇನ್ನೊಂದರಲ್ಲಿ ಪಕ್ಕ, ಮತ್ತೊಂದರಲ್ಲಿ ಹಿಂಭಾಗ. ಸುಳ್ಳು ಚಿತ್ರ ಕಟ್ಟುವವನಿಗೆ ಒಂದು ಕೋನ ಸುಲಭ. ಎರಡನೆಯದರಲ್ಲಿ ಬೆವರು ಬರುತ್ತದೆ. ಐದನೆಯ ಕೋನದಲ್ಲೂ ಅದೇ ರೆಕ್ಕೆ, ಅದೇ ಚಕ್ರ, ಅದೇ ಬಾಗಿಲು ಅದೇ ಅಳತೆಯಲ್ಲಿ ಕೂರಬೇಕೆಂದರೆ ಅವನು ಇಡೀ ವಿಮಾನವನ್ನೇ ಮೂರು ಆಯಾಮಗಳಲ್ಲಿ ಕಟ್ಟಬೇಕು. ಆಮೇಲೆ ಪರಸ್ಪರ ಗುರುತೇ ಇಲ್ಲದವರ ಮೊಬೈಲುಗಳಿಂದ, ಒಂದೇ ಹೊತ್ತಿಗೆ, ಅದನ್ನು ಹೊರಬಿಡಬೇಕು!

ಇನ್ನು ಆ ಚಿತ್ರಗಳೊಳಗೆ ಕಣ್ಣಿಟ್ಟು ನೋಡಿ. ಚಕ್ರಗಳು ಹೊರಗೇ ಇವೆ. ಹೊಸ ವಿಮಾನ ಮೊದಮೊದಲ ಹಾರಾಟಗಳಲ್ಲಿ ಸಾಮಾನ್ಯವಾಗಿ ಚಕ್ರ ಮಡಚುವುದಿಲ್ಲ, ಏನಾದರೂ ಎಡವಟ್ಟಾದರೆ ತಕ್ಷಣ ಇಳಿಯಬೇಕಲ್ಲ! ಚಿತ್ರ ಚೆಂದ ಕಾಣಲಿ ಎಂದು ಕಂಪ್ಯೂಟರಿನಲ್ಲಿ ಬರೆಯುವವರು ಚಕ್ರವನ್ನು ಒಳಗೆ ಸೇರಿಸಿಬಿಡುತ್ತಾರೆ. ಇಲ್ಲಿ ಚಕ್ರ ಹೊರಗಿರುವುದಷ್ಟೇ ಅಲ್ಲ, ಹಿಂದಿನ ಪ್ರತಿ ಕಾಲಿನಲ್ಲೂ ಒಂದರ ಹಿಂದೆ ಒಂದು ಎರಡೆರಡು ಚಕ್ರ. ಯುದ್ಧವಿಮಾನಕ್ಕೆ ಇದು ಅಪರೂಪ, ಭಾರದ ಗುರುತು. ಹಿಂದೆ ಎಂಜಿನ್ನುಗಳ ಬಾಯಿ ಎಣಿಸಿದರೆ ಮೂರು. ಯುದ್ಧವಿಮಾನಕ್ಕೆ ಮೂರು ಎಂಜಿನ್ನೇ ಎಂದು ಮೊದಲ ದಿನ ಅನೇಕರು ತಲೆಯಾಡಿಸಿದರು. ಆದರೆ ಬೇರೆ ಚಿತ್ರಗಳಲ್ಲಿ ಗಾಳಿ ಒಳಹೋಗುವ ಬಾಯಿಗಳೂ ಮೂರೇ ಸಿಕ್ಕವು: ಕೆಳಗೆರಡು, ಬೆನ್ನ ಮೇಲೊಂದು. ಒಬ್ಬನ ಚಿತ್ರ ಎಬ್ಬಿಸಿದ ಪ್ರಶ್ನೆಗೆ ಇನ್ನೊಬ್ಬನ ಚಿತ್ರ ಉತ್ತರ ಕೊಟ್ಟಿತ್ತು!

ರೆಕ್ಕೆಯ ತುದಿಯನ್ನಂತೂ ನೋಡಲೇಬೇಕು. ಅಲ್ಲಿ ಎರಡು ಪಟ್ಟಿಗಳು ಮೇಲಕ್ಕೊಂದು ಕೆಳಕ್ಕೊಂದು ಬಾಯಿ ತೆರೆದುಕೊಂಡಿವೆ. ಬಾಲವಿಲ್ಲದ ವಿಮಾನ ಮೂಗನ್ನು ಎಡಬಲಕ್ಕೆ ತಿರುಗಿಸುವುದು ಹೇಗೆ? ಒಂದು ರೆಕ್ಕೆಯ ತುದಿಯಲ್ಲಿ ಗಾಳಿಗೆ ತಡೆಯೊಡ್ಡಿದರೆ ಮೂಗು ಆ ಕಡೆ ವಾಲುತ್ತದೆ. ಅಮೆರಿಕದ ಬಿ-2 ಬಾಂಬರ್ ತಿರುಗುವುದೂ ಹೀಗೆಯೇ. ನಿಧಾನವಾಗಿ ಹಾರುವಾಗ ಇಂಥ ವಿಮಾನಕ್ಕೆ ಆ ಪಟ್ಟಿಗಳು ತೆರೆದಿರುವುದೇ ಬೇಕು, ಚಿತ್ರದಲ್ಲಿ ಅವು ತೆರೆದೇ ಇವೆ. ಸುಮ್ಮನೆ ಅಂದಕ್ಕೆ ಬರೆದ ಗೆರೆಗಳು ಇಷ್ಟು ಸರಿಯಾಗಿ ಭೌತಶಾಸ್ತ್ರದ ಮಾತು ಕೇಳುತ್ತವೆಯೇ?

ಪಕ್ಕದ ಜೆ-20 ಅಂತೂ ತಾನಾಗಿ ಒದಗಿಬಂದ ಅಳತೆಗೋಲು. ಅದರ ಉದ್ದ ಸುಮಾರು 21 ಮೀಟರ್. ಒಂದು ಚಿತ್ರದಲ್ಲಿ ಅದು 210 ಪಿಕ್ಸೆಲ್ ಉದ್ದ ಕಂಡಿತು ಎಂದುಕೊಳ್ಳಿ, ಆಗ ಒಂದು ಪಿಕ್ಸೆಲ್ ಅಂದರೆ 10 ಸೆಂಟಿಮೀಟರ್. ಹೊಸ ವಿಮಾನದ ಪಿಕ್ಸೆಲ್ ಎಣಿಸಿದರೆ ಅದರ ಉದ್ದವೂ ಕೈಗೆ ಬಂತು. ಹತ್ತಿರದ್ದು ದೊಡ್ಡದಾಗಿ, ದೂರದ್ದು ಚಿಕ್ಕದಾಗಿ ಕಾಣುವುದರಿಂದ ಒಂದೇ ಚಿತ್ರ ಸಾಲದು, ಹಲವನ್ನು ಅಳೆದು ತಾಳೆ ನೋಡಬೇಕು. ಹಾಗೆ ಅಳೆದವರು 20ರಿಂದ 23 ಮೀಟರಿನ ಆಸುಪಾಸು ಎಂದರು. ರಹಸ್ಯ ಕಾರ್ಖಾನೆಯ ಗೋಡೆಯಾಚೆಗಿನ ವಿಮಾನವನ್ನು ಮನೆಯಲ್ಲಿ ಕೂತು ಅಳೆಯುವುದೆಂದರೆ ಸಾಮಾನ್ಯದ ಮಾತೇ!

ಚೆಂಗ್ಡು ಆಕಾಶವೂ ಸಾಕ್ಷಿ ಹೇಳುತ್ತದೆ. ಸಿಚುವಾನಿನ ನಾಯಿಗಳು ಸೂರ್ಯನನ್ನು ಕಂಡರೆ ಬೊಗಳುತ್ತವೆ ಎಂಬ ಹಳೆಯ ಮಾತು ಚೀನಾದಲ್ಲಿದೆ, ಅಲ್ಲಿ ಬಿಸಿಲು ಅಷ್ಟು ಅಪರೂಪ. ಡಿಸೆಂಬರಿನ ಚಿತ್ರಗಳಲ್ಲೂ ಆ ಮಂಕು ಬೆಳಕೇ ಇತ್ತು. ಆಮೇಲೆ ಕೃತಕ ಬುದ್ಧಿಮತ್ತೆಯಿಂದ ಹುಟ್ಟಿದ ನಕಲುಗಳು ಬಂದವು ನೋಡಿ, ಅವುಗಳಲ್ಲಿ ಸಂಜೆಗೆಂಪು, ಕನ್ನಡಿಯಂಥ ಮೈ, ಸಿನಿಮಾದ ಮೋಡ. ಅಸಲಿ ಚಿತ್ರ ಮಸುಕಾಗಿರುತ್ತದೆ, ಮಧ್ಯೆ ಮರದ ಕೊಂಬೆ ಅಡ್ಡ ಬರುತ್ತದೆ.

ಹಾಗೆಂದು ಮಸುಕಾದದ್ದೆಲ್ಲ ನಿಜವಲ್ಲ, ನಿಜವಾದದ್ದೆಲ್ಲ ಸತ್ಯ ಹೇಳುವುದೂ ಇಲ್ಲ. 1988ರ ನವೆಂಬರ್ 10ರಂದು ಅಮೆರಿಕ ತನ್ನ ರಹಸ್ಯ ವಿಮಾನ ಎಫ್-117ರ ಮೊದಲ ಚಿತ್ರ ಬಿಡುಗಡೆ ಮಾಡಿತು. ಅಪ್ಪಟ ಅಸಲಿ ಚಿತ್ರ, ಆದರೆ ಎಷ್ಟು ಮಸುಕೆಂದರೆ ವಿಮಾನದ ನಿಜರೂಪ ಹಿಡಿಯಲು ಪರಿಣತರೇ ತಿಣುಕಾಡಿದರು. ಸರಿಯಾಗಿ ಹನ್ನೆರಡು ದಿನಕ್ಕೆ, ನವೆಂಬರ್ 22ರಂದು, ಕ್ಯಾಲಿಫೋರ್ನಿಯಾದ ಪಾಮ್‌ಡೇಲ್‌ನಲ್ಲಿ ಬಿ-2 ಬಾಂಬರ್ ಹೊರಬಂತು. ಹಿಂಭಾಗ ಕಾಣದಂತೆ ಅತಿಥಿಗಳನ್ನೆಲ್ಲ ಎದುರಿಗೆ ಕೂರಿಸಿದ್ದರು. ನೆಲಕ್ಕೆಲ್ಲ ಕಾವಲಿತ್ತು, ಮೇಲಿನ ಆಕಾಶಕ್ಕೆ ಮಾತ್ರ ನಿರ್ಬಂಧ ಹಾಕಿರಲಿಲ್ಲ! ಏವಿಯೇಷನ್ ವೀಕ್ ಪತ್ರಿಕೆಯವರು ಪುಟ್ಟದೊಂದು ಸೆಸ್ನಾ ವಿಮಾನ ಬಾಡಿಗೆಗೆ ಹಿಡಿದು ಮೇಲಿಂದ ಚಿತ್ರ ತೆಗೆದೇಬಿಟ್ಟರು. ಮುಚ್ಚಿಟ್ಟಿದ್ದ ಹಿಂದಂಚು, ಎಂಜಿನ್ನಿನ ಬೆಂಕಿ ಹೊರಬೀಳುವ ಜಾಗ, ಎಲ್ಲವೂ ಬಯಲು. ಎರಡನೆಯ ಕೋನಕ್ಕಿರುವ ಶಕ್ತಿ ಅದು.

ಚೆಂಗ್ಡು ಮಟ್ಟಿಗೆ ಇತಿಹಾಸವೂ ಜೊತೆಗಿತ್ತು. 2010ರ ಡಿಸೆಂಬರಿನಲ್ಲಿ ಇದೇ ಕಾರ್ಖಾನೆಯ ಬೇಲಿಯಾಚೆಯಿಂದ ಜೆ-20ರ ಮೊದಲ ಚಿತ್ರಗಳು ಬಂದಾಗಲೂ ಫೋಟೊಶಾಪ್ ಎಂದವರಿದ್ದರು. 2011ರ ಜನವರಿ 11ರಂದು, ಅಮೆರಿಕದ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್ ಬೀಜಿಂಗ್‌ನಲ್ಲಿದ್ದಾಗಲೇ ಅದು ಹಾರಿತು. ಆಗಲೂ ಈಗಲೂ ಚೀನಾದ ಸೆನ್ಸಾರ್ ಆ ಚಿತ್ರಗಳನ್ನು ಪೂರ್ತಿ ಅಳಿಸಿಹಾಕಲಿಲ್ಲ. ಕಂಡರೆ ಕಾಣಲಿ ಎಂದು ಬಿಟ್ಟಿದ್ದೂ ಒಂದು ಹೇಳಿಕೆಯೇ. ನನ್ನ ತೀರ್ಪು ಸ್ಪಷ್ಟ: ಚೆಂಗ್ಡು ಚಿತ್ರಗಳು ಅಸಲಿ. ಆ ವಿಮಾನ ಎಷ್ಟು ದೂರ ಹಾರುತ್ತದೆ, ರಾಡಾರಿಗೆ ಎಷ್ಟು ಕಾಣುತ್ತದೆ ಎಂಬುದನ್ನು ಮಾತ್ರ ಯಾವ ಚಿತ್ರವೂ ಹೇಳದು.

ಇದು ನಮಗೆ ದೂರದ ಸಂಗತಿಯಲ್ಲ. 2025ರ ಮೇ ತಿಂಗಳಲ್ಲಿ ಭಾರತ–ಪಾಕಿಸ್ತಾನ ಸಂಘರ್ಷ ನಡೆದಾಗ 'ಆರ್ಮಾ 3' ಎಂಬ ವಿಡಿಯೊ ಗೇಮಿನ ದೃಶ್ಯಗಳು ಯುದ್ಧದ ದೃಶ್ಯಗಳೆಂದು ಮೊಬೈಲಿಂದ ಮೊಬೈಲಿಗೆ ಹರಿದವು. 2021ರಲ್ಲಿ ಪಂಜಾಬಿನ ಮೋಗಾದಲ್ಲಿ ಬಿದ್ದ ಮಿಗ್-21ರ ಹಳೆಯ ಚಿತ್ರ ಹೊಸ ಸುದ್ದಿಯಾಗಿ ಓಡಾಡಿತು. ಚಿತ್ರವನ್ನು ಗೂಗಲ್ ಲೆನ್ಸ್‌ಗೆ ಕೊಟ್ಟು ಅದು ಹಿಂದೆಲ್ಲಿ ಬಂದಿತ್ತು ಎಂದು ಹುಡುಕಿದ್ದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಮುಂದಿನ ಸರದಿ ನಮ್ಮ ಬೆಂಗಳೂರಿನದೇ. ಇಲ್ಲಿನ ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿ ರೂಪಿಸುತ್ತಿರುವ ಎಎಂಸಿಎ ಯುದ್ಧವಿಮಾನದ ಪೂರ್ಣಗಾತ್ರದ ಮಾದರಿ 2025ರ ಫೆಬ್ರುವರಿಯಲ್ಲಿ ಯಲಹಂಕದ ಏರೋ ಇಂಡಿಯಾದಲ್ಲಿ ನಿಂತಿತ್ತು. ಸಾವಿರಾರು ಜನ ಅದರ ಫೋಟೊ ತೆಗೆದುಕೊಂಡರು. ಹಿನ್ನೆಲೆ ಅಳಿಸಿ ಮೋಡ ಅಂಟಿಸಲು ಅಷ್ಟು ಸಾಕು. ಎಎಂಸಿಎ ಹಾರುತ್ತಿದೆ ಎಂಬ ಚಿತ್ರ ನಿಮಗೆ ಬಂದರೆ ದಯವಿಟ್ಟು ಮುಂದಕ್ಕೆ ಕಳಿಸುವ ಮೊದಲು ಇನ್ನೊಂದು ಕೋನದ ಚಿತ್ರ ಹುಡುಕಿ. ಯಲಹಂಕದಲ್ಲಿ ನಿಂತಿದ್ದದ್ದು ಮಾದರಿ ಮಾತ್ರ, ಹಾರುವ ವಿಮಾನವಲ್ಲ.